ಗಾಜಿನ ಮಣಿಗೆ ತಂತಿ ಸುತ್ತುವುದು: ಲೋಲಾಕಿನಿಂದ ಪದಕದವರೆಗೆ

ನಾನು ಕೈಯಾರೆ ಮಾಡಿದ ಮೊದಲ ಲೋಲಾಕು ಬಾಳಿದ್ದು ಎರಡೂವರೆ ಗಂಟೆ. ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಸಾರು ಬಂತೆಂದು ತಲೆ ಬಗ್ಗಿಸಿದ್ದೇ ತಡ, ಎಡಗಿವಿಯ ನೀಲಿ ಮಣಿ ಸೀದಾ ಅನ್ನದ ಗುಂಡಿಗೆ ಬಿತ್ತು. ಮಣಿಗೆ ಏನೂ ಆಗಿರಲಿಲ್ಲ. ತೊಳೆದು ನೋಡಿದರೆ ತಂತಿಯೂ ತುಂಡಾಗಿರಲಿಲ್ಲ. ಮೇಲಿನ ಕುಣಿಕೆ ಒಂದಿಷ್ಟು ಬಾಯಿ ಬಿಟ್ಟಿತ್ತು, ಅಷ್ಟೇ.

ಮನೆಗೆ ಬಂದವಳು ಅಮ್ಮನ ಕರಿಮಣಿ ಸರವನ್ನು ಭೂತಗನ್ನಡಿ ಹಿಡಿದು ನೋಡಿದೆ. ಚಿನ್ನದ ಸರಿಗೆಯಲ್ಲಿ ಕಟ್ಟಿಸಿದ ಹಳೆಯ ಸರ ಅದು. ಪ್ರತಿ ಜೋಡಿ ಮಣಿಯ ಎರಡೂ ತುದಿಗೆ ಒಂದೊಂದು ಕುಣಿಕೆ, ಕುಣಿಕೆಯ ಕತ್ತಿನಲ್ಲಿ, ಅಂದರೆ ಕುಣಿಕೆಗೂ ಮಣಿಗೂ ನಡುವಿನ ನೇರ ತುಂಡಿನಲ್ಲಿ, ಅದೇ ಸರಿಗೆ ಎರಡು ಸುತ್ತು ಬಿಗಿದುಕೊಂಡು ಕೂತಿದೆ. ಮೂವತ್ತು ವರ್ಷ ಹಗಲು ರಾತ್ರಿ ಮೈಮೇಲಿದ್ದರೂ ಒಂದು ಕೊಂಡಿಯೂ ಬಿಚ್ಚಿಲ್ಲ. ಅಕ್ಕಸಾಲಿಗರಿಗೆ ಗೊತ್ತಿದ್ದ ಆ ಎರಡು ಸುತ್ತು ನನಗೆ ಗೊತ್ತಿರಲಿಲ್ಲ.

ಈ ಲೇಖನದ ಬಹುಭಾಗ ಆ ಎರಡು ಸುತ್ತಿನ ಕುರಿತೇ ಇದೆ. ಕರಕುಶಲದವರು ಅದನ್ನು ರ‍್ಯಾಪ್ಡ್ ಲೂಪ್ ಅನ್ನುತ್ತಾರೆ, ನಾನು ಸುತ್ತಿದ ಕುಣಿಕೆ ಎಂದು ಬರೆಯುತ್ತೇನೆ. ಅದೊಂದು ಕೈಗೆ ಹತ್ತಿದರೆ ಲೋಲಾಕು, ಕೈಸರ, ಪದಕ ಎಲ್ಲವೂ ಅದರದೇ ಬೇರೆ ಬೇರೆ ರೂಪ. ಹತ್ತದಿದ್ದರೆ ಎಷ್ಟೇ ಚೆಂದದ ಮಣಿ ತಂದರೂ ಸಾರಿಗೆ ಬೀಳುತ್ತದೆ.

ಮಣಿ ಆರಿಸುವುದು

ಲ್ಯಾಂಪ್‌ವರ್ಕ್ ಮಣಿ ಎಂದರೆ ಒಂದೊಂದನ್ನೂ ಬೆಂಕಿಯ ಜ್ವಾಲೆಯ ಮುಂದೆ ಕೂತು ಕೈಯಿಂದ ಮಾಡಿದ ಮಣಿ. ತೆಳ್ಳನೆಯ ಸ್ಟೀಲ್ ಕಡ್ಡಿಗೆ ಜೇಡಿಯಂಥ ಲೇಪ ಹಚ್ಚಿ ಒಣಗಿಸುತ್ತಾರೆ. ಬಣ್ಣದ ಗಾಜಿನ ಕಡ್ಡಿಯನ್ನು ಜ್ವಾಲೆಯಲ್ಲಿ ಜೇನಿನಂತೆ ಕರಗಿಸಿ ಅದರ ಮೇಲೆ ಸುತ್ತುತ್ತಾರೆ. ಕಡ್ಡಿ ತಿರುಗುತ್ತಲೇ ಇರಬೇಕು, ನಿಂತರೆ ಗಾಜು ಒಂದೇ ಕಡೆಗೆ ಜೋತುಬೀಳುತ್ತದೆ. ಮೇಲೆ ಬೇರೆ ಬಣ್ಣದ ಚುಕ್ಕಿ, ಗೆರೆ, ಹೂವು ಇಡುತ್ತಾರೆ. ಹಿಂದೆ ಎಣ್ಣೆ ದೀಪದ ಜ್ವಾಲೆಗೆ ತಿದಿಯಿಂದ ಗಾಳಿ ಊದಿ ಈ ಕೆಲಸ ಮಾಡುತ್ತಿದ್ದರು, ಹೆಸರು ಬಂದದ್ದು ಅದರಿಂದ. ಈಗ ಇರುವುದು ಗ್ಯಾಸ್ ಮತ್ತು ಆಮ್ಲಜನಕದ ಟಾರ್ಚ್.

ಈ ಮಣಿಗಳ ಮಾತು ಬಂದರೆ ವೆನಿಸ್ ಪಕ್ಕದ ಮುರಾನೊ ದ್ವೀಪದ ಹೆಸರು ಬಂದೇ ಬರುತ್ತದೆ. ಊರಿಗೆ ಬೆಂಕಿ ಬಿದ್ದೀತೆಂಬ ಭಯದಿಂದ 1291ರಲ್ಲಿ ವೆನಿಸ್‌ನ ಆಡಳಿತ ಗಾಜಿನ ಕುಲುಮೆಗಳನ್ನೆಲ್ಲ ಅಲ್ಲಿಗೆ ಸಾಗಿಸಿತ್ತು. ನಮ್ಮ ಕೈಗೆ ಸಿಗುವ ಮಣಿಗಳು ಅಷ್ಟು ದೂರದಿಂದ ಬರಬೇಕಿಲ್ಲ. ಉತ್ತರ ಪ್ರದೇಶದ ವಾರಾಣಸಿಯಲ್ಲೂ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರದಲ್ಲೂ ಗಾಜಿನ ಮಣಿ ಮನೆಮನೆಯ ಕಸುಬು. ವಾರಾಣಸಿಯ ಗಾಜಿನ ಮಣಿಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ. ಬೆಂಗಳೂರಿನ ಪೇಟೆ ಬೀದಿಗಳ ಮಣಿ ಅಂಗಡಿಗಳಲ್ಲಿ ‘ಫ್ಯಾನ್ಸಿ ಗ್ಲಾಸ್ ಬೀಡ್ಸ್’ ಎಂದು ಕೇಳಿದರೆ ಎಳೆಗಟ್ಟಲೆ ತೆಗೆದು ತೋರಿಸುತ್ತಾರೆ. ಮಾಮೂಲ್‌ಪೇಟೆಗೆ ಹೋಗುವುದಾದರೆ ಬೆಳಗ್ಗೆಯೇ ಹೋಗಿ, ಸಂಜೆ ಅಲ್ಲಿ ನಿಂತು ಮಣಿ ಆರಿಸಲು ಜಾಗವೇ ಇರುವುದಿಲ್ಲ.

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ತೂತು ನೋಡಿ. ಒಳ್ಳೆಯ ಮಣಿಯ ತೂತಿನ ಬಾಯಿ ಹೊಕ್ಕುಳಿನಂತೆ ಒಳಕ್ಕೆ ಮಡಚಿಕೊಂಡಿರುತ್ತದೆ. ಅವಸರದಲ್ಲಿ ಮಾಡಿದ್ದರೆ ಬಾಯಿಯ ಅಂಚು ಗರಗಸದಂತೆ ಮೇಲೆದ್ದಿರುತ್ತದೆ. ಅದು ದಾರವನ್ನು ಕೊಯ್ಯುತ್ತದೆ, ತಂತಿ ಬಿಗಿದಾಗ ಚಕ್ಕೆ ಏಳುತ್ತದೆ. ಉಗುರಿನಿಂದ ಸವರಿದರೆ ತಿಳಿಯುತ್ತದೆ. ತೂತಿನೊಳಗೆ ಬಿಳಿ ಅಥವಾ ಬೂದು ಪುಡಿ ಕಂಡರೆ ಅದು ಕಡ್ಡಿಗೆ ಹಚ್ಚಿದ್ದ ಲೇಪ. ಮಣಿ ಕೆಟ್ಟಿದೆ ಎಂದಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೀರಿನೊಳಗೇ ಇಟ್ಟು ತೆಳು ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ಒಣಗಿದ್ದಾಗ ಕೆರೆದು ಊದಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಎರಡನೆಯದು ಕಣ್ಣಿಗೆ ಕಾಣದ ದೋಷ. ಜ್ವಾಲೆಯಿಂದ ತೆಗೆದ ಮಣಿಯ ಹೊರಮೈ ಬೇಗ ತಣಿಯುತ್ತದೆ, ಒಳಗು ನಿಧಾನ. ಎರಡರ ನಡುವಿನ ಎಳೆದಾಟ ಗಾಜಿನಲ್ಲೇ ಉಳಿದುಬಿಡುತ್ತದೆ. ಅದನ್ನು ಇಳಿಸಲು ಮಣಿಯನ್ನು ಸಣ್ಣ ಒಲೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದವಾಗಿ ಇಟ್ಟು, ಗಂಟೆಗಟ್ಟಲೆ ಹೊತ್ತಿನಲ್ಲಿ ನಿಧಾನ ತಣಿಸಬೇಕು. ಇದಕ್ಕೆ ಅನೀಲಿಂಗ್ ಎನ್ನುತ್ತಾರೆ. ಅದಾಗದ ಮಣಿ ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ತಾನಾಗಿ ಸೀಳುತ್ತದೆ. ನನ್ನ ಡಬ್ಬಿಯಲ್ಲಿ ಹೀಗೊಂದು ಹಸಿರು ಮಣಿ ರಾತ್ರಿ ಹನ್ನೊಂದಕ್ಕೆ ಟಕ್ ಎಂದು ಎರಡಾಯಿತು, ಹಲ್ಲಿ ಇರಬೇಕೆಂದುಕೊಂಡು ಮಲಗಿಬಿಟ್ಟಿದ್ದೆ.

ಪಾರದರ್ಶಕ ಮಣಿಯಾದರೆ ಮನೆಯಲ್ಲೇ ಒಂದು ಪರೀಕ್ಷೆ ಸಾಧ್ಯ. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟ ತೆರೆಯಿರಿ. ಪೋಲರೈಸ್ಡ್ ತಂಪು ಕನ್ನಡಕವನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ಕನ್ನಡಕವನ್ನು ತಿರುಗಿಸಿ. ಈಗ ಮಣಿಯನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿಯಿರಿ. ಚೆನ್ನಾಗಿ ಹದಗೊಂಡ ಮಣಿ ಕಪ್ಪಾಗಿಯೇ ಕಾಣುತ್ತದೆ. ಅಂಚಿನಲ್ಲಿ ತುಸು ಹೊಳಪಿದ್ದರೆ ಚಿಂತೆಯಿಲ್ಲ. ತೂತಿನ ಸುತ್ತ ಬೆಳ್ಳನೆಯ ಪಟ್ಟೆ ಹೊಳೆದರೆ ಒಳಗೆ ಎಳೆದಾಟ ಇದೆ ಎಂದರ್ಥ. ಅಂಥದ್ದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಯಾರಿಗೂ ಮಾಡಿಕೊಡಬೇಡಿ.

ಇನ್ನೊಂದು ಮಾತು. ದಂತದ ಬಣ್ಣದ ಮಣಿಯ ಮೇಲಿನ ಹಸಿರುನೀಲಿ ಚುಕ್ಕಿಯ ಸುತ್ತ ಕಪ್ಪು ಗೆರೆ ಇದ್ದರೆ ಅದು ಕೊಳೆಯಲ್ಲ, ತಿಕ್ಕಿದರೆ ಹೋಗುವುದೂ ಇಲ್ಲ. ಒಂದು ಗಾಜಿನ ಗಂಧಕ, ಇನ್ನೊಂದರ ತಾಮ್ರ ಜ್ವಾಲೆಯಲ್ಲಿ ಸೇರಿ ಬರೆದುಕೊಂಡ ಗೆರೆ ಅದು. ನನಗಂತೂ ಅಂಥ ಮಣಿ ಕಂಡರೆ ಬಿಡಲು ಮನಸ್ಸು ಬಾರದು.

ಮಣಿಯನ್ನೂ ಮನೆಯಲ್ಲೇ ಮಾಡಬಹುದೇ ಎಂದು ಕೇಳುವವರಿದ್ದಾರೆ. ಅಡುಗೆ ಗ್ಯಾಸಿನ ಒಲೆಯ ಮೇಲೆ ಖಂಡಿತ ಬೇಡ. ಟಾರ್ಚ್, ಗಾಳಿಯಾಡುವ ಪ್ರತ್ಯೇಕ ಜಾಗ, ಹದಗೊಳಿಸುವ ಒಲೆ, ಬಿಸಿ ಗಾಜಿನ ಹಳದಿ ಉರಿಬೆಳಕನ್ನು ತಡೆಯುವ ಡಿಡಿಮಿಯಂ ಕನ್ನಡಕ ಇವೆಲ್ಲ ಬೇಕು. ಕಲಿಸುವವರ ಎದುರು ಕೂತು ಕಲಿಯಬೇಕಾದ ವಿದ್ಯೆ ಅದು. ತಂತಿಯ ಕೆಲಸಕ್ಕೆ ಊಟದ ಮೇಜು ಸಾಕು.

ಮಣಿಯ ಅಳತೆಗೂ ಕಿವಿಗೂ ಇರುವ ಲೆಕ್ಕ

ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. 12 ಮಿ.ಮೀ. ಅಡ್ಡಳತೆಯ ದುಂಡು ಮಣಿ ಸುಮಾರು 2.3 ಗ್ರಾಂ ತೂಗುತ್ತದೆ. 16 ಮಿ.ಮೀ. ಆದರೆ 5 ಗ್ರಾಂ ದಾಟುತ್ತದೆ, 20 ಮಿ.ಮೀ. ಆದರೆ ಹತ್ತು ಗ್ರಾಂ ದಾಟುತ್ತದೆ. ಅಳತೆ ಕೊಂಚ ಹೆಚ್ಚಿದರೂ ತೂಕ ಎಷ್ಟೋ ಹೆಚ್ಚುವುದರಿಂದ ಅಂಗೈಯಲ್ಲಿ ಹಗುರ ಎನಿಸಿದ್ದು ಸಂಜೆ ಹೊತ್ತಿಗೆ ಕಿವಿಯ ತೂತನ್ನು ಜಗ್ಗುತ್ತದೆ. ಲೋಲಾಕಿಗೆ 10ರಿಂದ 12 ಮಿ.ಮೀ., ಕೈಸರಕ್ಕೆ 12ರಿಂದ 14, ಅದಕ್ಕಿಂತ ದೊಡ್ಡದೆಲ್ಲ ಪದಕಕ್ಕೆ. ಚಪ್ಪಟೆ ಮಣಿಯಾದರೆ ತುಸು ದೊಡ್ಡದನ್ನೂ ಕಿವಿಗೆ ಹಾಕಬಹುದು.

ತಂತಿ ಕೊಳ್ಳುವಾಗ ಆಗುವ ಮೋಸ

ಮೋಸ ಅಂಗಡಿಯವರದ್ದಲ್ಲ, ತಂತಿಯ ದಪ್ಪವನ್ನು ನಂಬರಿನಲ್ಲಿ ಹೇಳುವ ಗೇಜ್ ಎಂಬ ಪದ್ಧತಿಯದ್ದು. ಅಂತರ್ಜಾಲದ ಪಾಠಗಳಲ್ಲಿ ‘20 ಗೇಜ್’ ಎಂದರೆ ಸಾಮಾನ್ಯವಾಗಿ ಅಮೆರಿಕದ ಎಡಬ್ಲ್ಯುಜಿ ಅಳತೆ, 0.81 ಮಿ.ಮೀ. ನಮ್ಮ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ 20 ಎಂದು ಕೇಳಿದರೆ ಕೊಡುವುದು ಬ್ರಿಟಿಷರ ಎಸ್‌ಡಬ್ಲ್ಯುಜಿ, ಅದು 0.91 ಮಿ.ಮೀ. ಹತ್ತನೇ ಒಂದು ಮಿಲಿಮೀಟರ್ ಎಂದರೆ ಕೇಳಲು ಏನೂ ಅಲ್ಲ, ಇಕ್ಕಳ ಹಿಡಿದ ಬೆರಳಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ಮಿಲಿಮೀಟರಿನಲ್ಲೇ ಕೇಳಿ. 0.8 ಬೇಕಾದರೆ ಎಸ್‌ಡಬ್ಲ್ಯುಜಿ 21. 1 ಮಿ.ಮೀ. ಹತ್ತಿರದ್ದು 19. ನಾವು ಬಳಸುವುದು ಹೆಚ್ಚಾಗಿ ಈ ಎರಡು, ಜೊತೆಗೆ ಸುತ್ತಲು 0.3 ಮಿ.ಮೀ. ಎಳೆ.

ಕಲಿಯಲು ತಾಮ್ರಕ್ಕೆ ಸಾಟಿ ಇಲ್ಲ. ವೈಂಡಿಂಗ್ ಅಂಗಡಿಗಳಲ್ಲಿ, ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಕಡೆ, ತೂಕದ ಲೆಕ್ಕದಲ್ಲಿ ಸಿಗುತ್ತದೆ. 0.8 ಮಿ.ಮೀ. ತಾಮ್ರದ 100 ಗ್ರಾಂ ಎಂದರೆ ಹೆಚ್ಚುಕಡಿಮೆ 22 ಮೀಟರ್. ನಿಮ್ಮ ಕೈ ಪಳಗುವವರೆಗೂ ಅಷ್ಟು ಸಾಕು. ಆ ತಂತಿಯ ಮೇಲೆ ಎನಾಮಲ್ ಲೇಪ ಇರುತ್ತದೆ. ಅದರಿಂದ ಬಣ್ಣ ಬೇಗ ಮಾಸುವುದಿಲ್ಲ, ಆದರೆ ಬೆಂಕಿಗೆ ಹಿಡಿಯಬೇಡಿ, ಹೊಗೆ ಕೆಟ್ಟದ್ದು. 0.3ರ ಎಳೆಯನ್ನಂತೂ ಕೊಳ್ಳಲೇಬೇಕಿಲ್ಲ. ಮನೆಯ ವೈರಿಂಗ್ ಮಾಡಿದಾಗ ಉಳಿದ 2.5 ಚದರ ಮಿ.ಮೀ. ವೈರಿನ ತುಂಡು ಸಿಕ್ಕರೆ ಮೇಲಿನ ಪ್ಲಾಸ್ಟಿಕ್ ಸುಲಿಯಿರಿ, ಒಳಗೆ ಅದೇ ದಪ್ಪದ ಹತ್ತಾರು ಮೆತ್ತನೆಯ ಎಳೆಗಳಿರುತ್ತವೆ.

ಕಿವಿಯ ತೂತಿನೊಳಗೆ ಹೋಗುವ ಕೊಕ್ಕೆಗೆ ಮಾತ್ರ 92.5 ಬೆಳ್ಳಿ ಅಥವಾ ಸರ್ಜಿಕಲ್ ಸ್ಟೀಲ್. ‘ಜರ್ಮನ್ ಸಿಲ್ವರ್’ ಎಂಬುದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕಲ್, ಸತುವಿನ ಬೆರಕೆ ಅದು, ನಿಕಲ್ ಆಗದವರ ಕಿವಿ ಕೆಂಪಾಗಿ ಸೋರುತ್ತದೆ. ಬೆಳ್ಳಿ ತಂತಿ 0.8 ದಪ್ಪದ್ದು ಮೀಟರಿಗೆ ಸುಮಾರು 5 ಗ್ರಾಂ, ಒಂದು ಜೊತೆ ಕೊಕ್ಕೆಗೆ ಅರ್ಧ ಗ್ರಾಂ ಸಾಕು. ಕೊಕ್ಕೆ ಬೆಳ್ಳಿಯದು, ಉಳಿದದ್ದು ತಾಮ್ರದ್ದು ಮಾಡಿದರೂ ನೋಡಲು ಚೆನ್ನಾಗಿಯೇ ಇರುತ್ತದೆ. ಅಲ್ಯೂಮಿನಿಯಂ ಕ್ರಾಫ್ಟ್ ತಂತಿ ಬಣ್ಣಬಣ್ಣವಾಗಿ ಕಣ್ಸೆಳೆಯುತ್ತದೆ, ತೂಕ ತಾಳುವ ಕುಣಿಕೆಗೆ ಅದು ಬೇಡ.

ಇಕ್ಕಳಗಳು

ದುಂಡು ಮೂತಿಯದೊಂದು, ಚೂಪು ಮೂತಿಯದೊಂದು, ಚಪ್ಪಟೆ ಮೂತಿಯದೊಂದು, ಮತ್ತೆ ತಂತಿ ಕತ್ತರಿಸಲು ಒಂದು ಫ್ಲಶ್ ಕಟರ್. ಒಳಮೈಯಲ್ಲಿ ಹಲ್ಲು ಇರಬಾರದು. ಎಲೆಕ್ಟ್ರಿಷಿಯನ್ ಇಕ್ಕಳವೇ ಗತಿ ಎಂದಾದರೆ ಮೂತಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ಒಂದು ಸಣ್ಣ ಸುತ್ತಿಗೆ, ಬಡಿಯಲು ಸಮತಟ್ಟಾದ ಕಬ್ಬಿಣ. ದಿನಸಿ ಅಂಗಡಿಯ ಹಳೆಯ ತೂಕದ ಕಲ್ಲಿನ ಚಪ್ಪಟೆ ಮೈ ನನಗೆ ವರ್ಷಗಟ್ಟಲೆ ಸಾಕಾಗಿದೆ. ಉಪ್ಪುಕಾಗದ, ಅಂದರೆ ಎಮರಿ ಪೇಪರ್, 400 ಮತ್ತು 1000 ನಂಬರಿನದು ಒಂದೊಂದು ಹಾಳೆ. ಕತ್ತರಿಸುವಾಗ ಮಾಮೂಲಿ ಕನ್ನಡಕವನ್ನಾದರೂ ಹಾಕಿಕೊಳ್ಳಿ, ಸಿಡಿಯುವ ತುದಿಯನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿಯಿರಿ. ಕಟರಿನ ಒಂದು ಮೈ ಚಪ್ಪಟೆ, ಇನ್ನೊಂದು ಗುಳಿ. ಚಪ್ಪಟೆ ಮೈ ಯಾವಾಗಲೂ ಒಡವೆಯ ಕಡೆಗೆ ಇರಲಿ, ಆಗ ತುದಿ ಮೊಳೆಯಂತೆ ಚೂಪಾಗದೆ ಸಮನಾಗಿ ಉಳಿಯುತ್ತದೆ.

ಸುತ್ತಿದ ಕುಣಿಕೆ, ನಿಧಾನವಾಗಿ

ಮೊದಲು ಉದ್ದದ ಲೆಕ್ಕ. ಒಂದು ಕುಣಿಕೆಗೆ 4 ಸೆಂ.ಮೀ. ತಂತಿ ಬೇಕು. 3 ಮಿ.ಮೀ. ಒಳಗಿನ ಅಳತೆಯ ಕುಣಿಕೆಗೆ ಒಂದು ಸೆಂ.ಮೀ. ಚಿಲ್ಲರೆ, ಕತ್ತಿನ ಮೂರು ಸುತ್ತಿಗೆ ಒಂದೂವರೆ, ಕತ್ತಿಗೆ ಕಾಲು, ಉಳಿದದ್ದು ಹಿಡಿದೆಳೆಯಲು. ಹೀಗೆ ಎರಡು ಕಡೆ ಕುಣಿಕೆ ಇರುವ 12 ಮಿ.ಮೀ. ಮಣಿಯ ಕೊಂಡಿಗೆ 9.2 ಸೆಂ.ಮೀ. ಬೇಕು. 10 ಕತ್ತರಿಸಿ. ಜಿಪುಣತನ ಮಾಡಿ 8 ಕತ್ತರಿಸಿದರೆ ಕೊನೆಯ ಸುತ್ತಿಗೆ ಇಕ್ಕಳ ಹಿಡಿಯಲು ತುದಿಯೇ ಇರುವುದಿಲ್ಲ, ಆ ಎಂಟೂ ಹೋಗುತ್ತದೆ.

ತಂತಿ ಸುರುಳಿಯಿಂದ ಬಿಚ್ಚಿದ್ದರಿಂದ ಬಾಗಿರುತ್ತದೆ. ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು, ಹತ್ತಿಬಟ್ಟೆಯೊಳಗೆ ಬೆರಳು ಒತ್ತಿ ಎರಡು ಮೂರು ಬಾರಿ ಎಳೆಯಿರಿ. ನೇರವೂ ಆಗುತ್ತದೆ, ತುಸು ಗಟ್ಟಿಯೂ ಆಗುತ್ತದೆ.

ದುಂಡು ಮೂತಿಯ ಇಕ್ಕಳದಲ್ಲಿ 3 ಮಿ.ಮೀ. ದಪ್ಪ ಇರುವ ಕಡೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಎಲ್ಲ ಕುಣಿಕೆಯೂ ಅದೇ ಗೆರೆಯ ಮೇಲೆ. ಅಂಗಡಿಯ ಒಡವೆಗೂ ಮನೆಯ ಒಡವೆಗೂ ದೂರದಿಂದ ಕಾಣುವ ವ್ಯತ್ಯಾಸ ಬಹುಪಾಲು ಈ ಗೆರೆಯದ್ದೇ.

ಈಗ ಚೂಪು ಮೂತಿಯ ಇಕ್ಕಳದಿಂದ ತುದಿಯಿಂದ 4 ಸೆಂ.ಮೀ. ಕೆಳಗೆ ತಂತಿಯನ್ನು ಹಿಡಿಯಿರಿ. ಮೇಲಿನ ಭಾಗವನ್ನು ಬೆರಳಿನಿಂದ ಪಕ್ಕಕ್ಕೆ ಮೊಳಕೈಯಂತೆ ನೇರ ಲಂಬಕೋನಕ್ಕೆ ಬಗ್ಗಿಸಿ. ಇಕ್ಕಳ ಬಿಟ್ಟು, ದುಂಡು ಮೂತಿಯದನ್ನು ತೆಗೆದುಕೊಂಡು ಆ ಮೊಳಕೈಯ ಮೇಲೆಯೇ ಗೆರೆ ಬರುವಂತೆ ಹಿಡಿಯಿರಿ. ಅಡ್ಡ ಬಾಲವನ್ನು ಮೂತಿಯ ಮೇಲಿಂದ ಆಚೆ ಬದಿಗೆ ಎಳೆದು ಕೆಳಕ್ಕೆ ತನ್ನಿ. ಅರ್ಧ ಕುಣಿಕೆ ಆಯಿತು. ಇಲ್ಲಿ ಇಕ್ಕಳದ ಕೆಳಮೂತಿ ದಾರಿಗೆ ಅಡ್ಡ ಬರುತ್ತದೆ, ಹೊಸಬರು ಇಲ್ಲೇ ಬಲವಂತ ಮಾಡುವುದು. ಮಾಡಬೇಡಿ. ಇಕ್ಕಳ ಸಡಿಲಿಸಿ, ಕೆಳಮೂತಿ ಈಗ ಕುಣಿಕೆಯೊಳಗೆ ಬರುವಂತೆ ತಿರುಗಿಸಿ ಹಿಡಿದು ಬಾಲವನ್ನು ಮುಂದುವರಿಸಿ. ಅದು ಮತ್ತೆ ಕತ್ತನ್ನು ಅಡ್ಡ ಹಾಯುವಲ್ಲಿಗೆ ಬಂದರೆ ದುಂಡಗಿನ ಕುಣಿಕೆ ಸಿದ್ಧ, ಕತ್ತಿನ ನಡುಮಧ್ಯೆ ನೆಟ್ಟಗೆ ನಿಂತಿರಬೇಕು. ಒಂದು ಕಡೆಗೆ ವಾಲಿದ್ದರೆ ಈಗಲೇ ಸರಿಮಾಡಿ, ಸುತ್ತಿದ ಮೇಲೆ ಆಗದು.

ಚಪ್ಪಟೆ ಇಕ್ಕಳದಿಂದ ಕುಣಿಕೆಯ ಎರಡು ಮೈಯನ್ನು ಹಿಡಿಯಿರಿ, ಹಿಚುಕಬೇಡಿ. ಇನ್ನೊಂದು ಇಕ್ಕಳದಿಂದ ಬಾಲದ ತುದಿ ಹಿಡಿದು ಕತ್ತಿನ ಸುತ್ತ ಸುತ್ತಿ. ಒಂದನೇ ಸುತ್ತು ಕುಣಿಕೆಗೆ ಅಂಟಿಕೊಂಡೇ ಬರಬೇಕು, ಎರಡನೆಯದು ಒಂದನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ. ಬಾಲವನ್ನು ಎಳೆದು ಬಿಗಿಯಾಗಿಟ್ಟುಕೊಂಡೇ ಸುತ್ತುವುದು ಗುಟ್ಟು. ಸಡಿಲ ಬಿಟ್ಟು ಸುತ್ತಿ ಆಮೇಲೆ ಇಕ್ಕಳದಿಂದ ಒತ್ತಿದರೆ ಸುತ್ತು ಚಪ್ಪಟೆಯಾಗುತ್ತದೆ, ಬಿಗಿ ಬರುವುದಿಲ್ಲ. ಕತ್ತಿಗೆ ಹತ್ತಿರವಾಗಿ ಕತ್ತರಿಸಿ, ಚೂಪು ಮೂತಿಯಿಂದ ತುದಿಯನ್ನು ಒಳಕ್ಕೆ ಒತ್ತಿಬಿಡಿ. ಹತ್ತಿ ಅಥವಾ ರೇಷ್ಮೆ ಬಟ್ಟೆಗೆ ತಾಗಿಸಿ ನೋಡಿ. ಎಳೆ ಹಿಡಿದುಕೊಂಡರೆ ಇನ್ನೂ ಒತ್ತಬೇಕು. ಸೀರೆ ಹರಿದವರು ನಿಮ್ಮ ಎರಡನೇ ಒಡವೆ ಕೊಳ್ಳುವುದಿಲ್ಲ.

ಇನ್ನೊಂದು ತುದಿಗೆ ಮಣಿ ಏರಿಸಿ. ಮಣಿಯ ಮೇಲೆ ಎಷ್ಟು ಜಾಗ ಬಿಟ್ಟು ಬಗ್ಗಿಸಬೇಕು? ಮೂರು ಸುತ್ತು ಕೂರುವಷ್ಟು. ತಂತಿ 0.8 ಆದರೆ ಮೂರರಷ್ಟು, 2.4 ಮಿ.ಮೀ. ಚೂಪು ಇಕ್ಕಳದ ಮೂತಿಯ ಅಗಲ ಬಹುತೇಕ ಅಷ್ಟೇ ಇರುತ್ತದೆ, ಅದನ್ನು ಮಣಿಯ ಮೇಲೆ ಇಟ್ಟು ಅದರ ಮೇಲಂಚಿನಲ್ಲಿ ಬಗ್ಗಿಸಿದರೆ ಅಳೆಯುವ ಕೆಲಸವೇ ಇಲ್ಲ. ಕೊನೆಯ ಸುತ್ತು ಮಣಿಗೆ ಮುಟ್ಟಿ ನಿಲ್ಲಬೇಕು, ಮಣಿಯನ್ನು ಒತ್ತಬಾರದು. ಇನ್ನೊಂದು ಅರ್ಧ ಸುತ್ತು ಹಾಕಿಬಿಡೋಣ ಎಂಬ ಆಸೆಯಿಂದ ನಾನು ಒಡೆದ ಮಣಿಗಳು ಒಂದು ಬೊಗಸೆ ಆಗುತ್ತವೆ.

ಮೊದಲ ದಿನ ಮಣಿ ಮುಟ್ಟಬೇಡಿ. ಬರಿ ತಂತಿಯಲ್ಲಿ ಐವತ್ತು ಕುಣಿಕೆ ಮಾಡಿ. ಹತ್ತರವರೆಗೆ ಎಲ್ಲವೂ ಸೊಟ್ಟ, ಇಪ್ಪತ್ತರ ಹೊತ್ತಿಗೆ ಕೈಗೆ ದಾರಿ ಗೊತ್ತಾಗುತ್ತದೆ, ಮೂವತ್ತರಲ್ಲಿ ಬೇಸರ ಬರುತ್ತದೆ. ಬೇಸರ ಬಂದ ಮೇಲಿನವೇ ಚೆನ್ನಾಗಿರುತ್ತವೆ. ತಾಮ್ರವನ್ನು ಬಗ್ಗಿಸಿ ಬಿಚ್ಚಿ ಬಗ್ಗಿಸಿದರೆ ಅದು ಗಟ್ಟಿಯಾಗುತ್ತ ಹೋಗಿ ಮುರಿಯುತ್ತದೆ, ಹಾಗಾಗಿ ಕೆಟ್ಟ ಕುಣಿಕೆಯನ್ನು ತಿದ್ದುವುದಕ್ಕಿಂತ ಹೊಸ ತುಂಡು ತೆಗೆದುಕೊಳ್ಳುವುದೇ ಮೇಲು.

ಮಣಿ ತೂಗಾಡಿದರೆ

ಲ್ಯಾಂಪ್‌ವರ್ಕ್ ಮಣಿಯ ತೂತು ಸಾಮಾನ್ಯವಾಗಿ 1.6 ಅಥವಾ 2.4 ಮಿ.ಮೀ. ನಮ್ಮ ತಂತಿ 0.8. ಮಣಿ ತಂತಿಯ ಮೇಲೆ ಓಲಾಡುತ್ತದೆ, ಓರೆಯಾಗಿ ನಿಲ್ಲುತ್ತದೆ, ಕಟಕಟ ಸದ್ದು ಬೇರೆ. ದಪ್ಪ ತಂತಿ ಬಳಸಿದರೆ ಕುಣಿಕೆ ಮಾಡಲು ಕೈ ನೋಯುತ್ತದೆ. ಇದಕ್ಕೆ ವೈರಿನ 0.3 ಎಳೆಯೇ ಮದ್ದು. ಅದನ್ನು 0.8 ತಂತಿಯ ಮೇಲೆ ಹತ್ತು ಸುತ್ತು ಒತ್ತೊತ್ತಾಗಿ ಸುತ್ತಿ. ಆಗ ದಪ್ಪ 1.4 ಮಿ.ಮೀ. ಆಗುತ್ತದೆ, 1.6ರ ತೂತಿನೊಳಗೆ ಹದವಾಗಿ ಜಾರುತ್ತದೆ. ಮಣಿಯ ಎರಡೂ ಬಾಯಲ್ಲಿ ಇಂಥ ಒಂದೊಂದು ಸುರುಳಿ ಅಡಗಿಸಿದರೆ ಮಣಿ ಅಲುಗುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ತೂತು 2.4 ಇದ್ದರೆ 0.7 ದಪ್ಪದ ತಂತಿಯ ಸುರುಳಿ ಸರಿಹೊಂದುತ್ತದೆ.

ಲೋಲಾಕು

ಎರಡನ್ನೂ ಒಟ್ಟಿಗೆ ಮಾಡಿ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಜೊತೆ ಕೂಡುವುದಿಲ್ಲ. 7 ಸೆಂ.ಮೀ. ತಂತಿಯ ಎರಡು ತುಂಡು ಕತ್ತರಿಸಿ. ಎರಡರ ಕೆಳತುದಿಯನ್ನೂ ದುಂಡು ಮೂತಿಯ ಅತಿ ಸಣ್ಣ ತುದಿಯಲ್ಲಿ ಹಿಡಿದು ಚಕ್ಕುಲಿಯಂತೆ ಎರಡು ಸುತ್ತು ಸುತ್ತಿ, ಸುತ್ತನ್ನು ಮಣೆಯಂತೆ ಅಡ್ಡಕ್ಕೆ ಬಗ್ಗಿಸಿ. ಮಣಿ ಆ ಚಕ್ಕುಲಿಯ ಮೇಲೆ ಕೂರುತ್ತದೆ. ಚಕ್ಕುಲಿಯನ್ನು ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಗಟ್ಟಿ ಮಾಡುವುದಿದ್ದರೆ ಮಣಿ ಏರಿಸುವ ಮೊದಲೇ ತಟ್ಟಿ, ಆಮೇಲೆ ಸುತ್ತಿಗೆಯನ್ನು ಇನ್ನೊಂದು ಕೋಣೆಯಲ್ಲಿ ಇಟ್ಟು ಬನ್ನಿ. ಮಣಿ ಏರಿಸಿ, ಮೇಲೆ ಸುತ್ತಿದ ಕುಣಿಕೆ ಮಾಡಿ.

ಕೊಕ್ಕೆಗೆ 5 ಸೆಂ.ಮೀ. ಬೆಳ್ಳಿ ತಂತಿ ಎರಡು. ಒಂದು ತುದಿಗೆ ಸಣ್ಣ ಸಾದಾ ಕುಣಿಕೆ, ಅಂದರೆ ಕತ್ತು ಸುತ್ತದೆ ಬರಿ ದುಂಡಾಗಿಸಿದ್ದು. ಉಳಿದ ಭಾಗವನ್ನು 8ರಿಂದ 10 ಮಿ.ಮೀ. ದಪ್ಪದ ಪೆನ್ನಿನ ಮೇಲೆ ಎರಡನ್ನೂ ಒಟ್ಟಿಗೆ ಇಟ್ಟು ಬಗ್ಗಿಸಿ. ಕೊನೆಯ ಚೂರನ್ನು ತುಸು ಹೊರಕ್ಕೆ ತಿರುಗಿಸಿ. ಬಾಗಿದ ಭಾಗವನ್ನು ಕಬ್ಬಿಣದ ಮೇಲೆ ಎರಡು ಮೂರು ಬಾರಿ ತಟ್ಟಿದರೆ ಬೆಳ್ಳಿ ಗಟ್ಟಿಯಾಗಿ ಆಕಾರ ನಿಲ್ಲುತ್ತದೆ. ಕಿವಿಗೆ ಹೋಗುವ ಭಾಗವನ್ನು ತಟ್ಟಬೇಡಿ, ಅಂಚು ಏಳುತ್ತದೆ. ತುದಿಯನ್ನು 400ರಲ್ಲಿ ದುಂಡಾಗಿಸಿ, 1000ದಲ್ಲಿ ನಯ ಮಾಡಿ. ತುಟಿಯ ಒಳಮೈಗೆ ಸವರಿ ನೋಡಿದರೆ ಚುಚ್ಚುತ್ತದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ.

ಕೊಕ್ಕೆಯ ಸಾದಾ ಕುಣಿಕೆಯನ್ನು ತೆರೆಯುವುದು ಪಕ್ಕಕ್ಕೆ ತಿರುಚಿ, ಬಾಗಿಲು ತೆರೆದಂತೆ. ಎರಡೂ ತುದಿಯನ್ನು ಎಳೆದು ಅಗಲಿಸಬೇಡಿ, ಹಾಗೆ ಮಾಡಿದ ದುಂಡು ಮತ್ತೆ ದುಂಡಾಗದು. ನನ್ನ ನೀಲಿ ಮಣಿ ಬಿದ್ದದ್ದು ಹೀಗೇ ಅಗಲಿಸಿದ ಕುಣಿಕೆಯಿಂದ. ಜಂಪ್ ರಿಂಗ್, ಅಂದರೆ ಕೊಂಡಿಗಳನ್ನು ಜೋಡಿಸುವ ಸಣ್ಣ ತಂತಿಯ ಬಳೆ, ತೆರೆಯುವುದೂ ಪಕ್ಕಕ್ಕೆ ತಿರುಚಿಯೇ.

ಕೈಸರ

ಕೊಂಡಿಗಳ ಸಾಲು ಇದು. ನೆನಪಿಡಬೇಕಾದ್ದು ಒಂದೇ: ಎರಡನೇ ಕುಣಿಕೆಯನ್ನು ದುಂಡಾಗಿಸಿದ ಮೇಲೆ, ಕತ್ತು ಸುತ್ತುವ ಮೊದಲು, ಹಿಂದಿನ ಕೊಂಡಿಯನ್ನು ಅದರೊಳಗೆ ತೂರಿಸಬೇಕು. ಮರೆತು ಸುತ್ತಿಬಿಟ್ಟರೆ ಕತ್ತರಿಸುವುದೊಂದೇ ದಾರಿ. ಹತ್ತು ಸಲವಾದರೂ ಮರೆಯುತ್ತೀರಿ.

12 ಮಿ.ಮೀ. ಮಣಿಯ ಒಂದು ಕೊಂಡಿಯ ಉದ್ದ ಕುಣಿಕೆಯೂ ಸೇರಿ ಸುಮಾರು 2.3 ಸೆಂ.ಮೀ. ಮಣಿಕಟ್ಟಿನ ಸುತ್ತಳತೆ 16 ಇದ್ದರೆ ಸರ 17.5ರಿಂದ 18 ಇರಬೇಕು, ದಪ್ಪ ಮಣಿಗಳು ಒಳಗಿನ ಜಾಗವನ್ನು ತಿನ್ನುತ್ತವೆ. ಆರು ಕೊಂಡಿ 13.8 ಆಗುತ್ತದೆ. ಉಳಿದ ನಾಲ್ಕು ಸೆಂ.ಮೀ. ಕೊಕ್ಕೆಗೂ ಎದುರು ತುದಿಯ ಮೂರು ನಾಲ್ಕು ರಿಂಗುಗಳಿಗೂ. ರಿಂಗು ಹೆಚ್ಚಿದ್ದರೆ ಬೇರೆ ಬೇರೆ ಕೈಗೆ ಹೊಂದಿಸಬಹುದು. ಕೊಕ್ಕೆಯನ್ನು 1 ಮಿ.ಮೀ. ತಂತಿಯಲ್ಲಿ ಮಾಡಿ, ಇಂಗ್ಲಿಷಿನ ಎಸ್ ಆಕಾರದಲ್ಲಿ ಬಗ್ಗಿಸಿ, ಒಂದು ಬಾಯಿ ಪೂರ್ತಿ ಮುಚ್ಚಿ, ಇಡಿಯಾಗಿ ತಟ್ಟಿ ಗಟ್ಟಿಗೊಳಿಸಿ.

ಪದಕ

ಇಪ್ಪತ್ತು ಮಿಲಿಮೀಟರಿನ ಒಂದೇ ಒಂದು ದೊಡ್ಡ ಮಣಿ, 1 ಮಿ.ಮೀ. ತಂತಿ, ಕೆಳಗೆ ಚಕ್ಕುಲಿ, ಮೇಲೆ ಎರಡು ಸುತ್ತು ದೊಡ್ಡ ಕುಣಿಕೆ. ಸರ ಅದರೊಳಗೆ ಹಾದುಹೋಗಬೇಕಾದ್ದರಿಂದ ಕುಣಿಕೆಯನ್ನು 5ರಿಂದ 6 ಮಿ.ಮೀ. ಇಡಿ, ಪೆನ್ಸಿಲಿನ ತುದಿಯ ಮೇಲೆ ಸುತ್ತಬಹುದು. ಬಾಲವನ್ನು ಉದ್ದ ಬಿಟ್ಟರೆ ಅದನ್ನು ಮಣಿಯ ಮೈಮೇಲೆ ಬಳ್ಳಿಯಂತೆ ಇಳಿಸಿ, ಕೆಳಗಿನ ಚಕ್ಕುಲಿಗೆ ಸಿಕ್ಕಿಸಿ ಮುಗಿಸಬಹುದು. ಕಲೆ ಇಲ್ಲಿ ಶುರು, ಅತಿಯೂ ಇಲ್ಲೇ ಶುರು. ಯಾರೋ ಜ್ವಾಲೆಯ ಮುಂದೆ ಕೂತು ಇಟ್ಟ ಹೂವಿನ ಮೇಲೆ ನಮ್ಮ ತಂತಿ ಹಾಯಬಾರದು. ಒಂದು ಬಳ್ಳಿ ಸಾಕು.

ತೊಳೆಯುವುದು, ಕಪ್ಪಾಗಿಸುವುದು

ಲೇಪವಿಲ್ಲದ ತಾಮ್ರ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಪೂಜೆಯ ಚೊಂಬಿಗೆ ಮಾಡುವಂತೆ ಹುಣಸೆಹಣ್ಣು, ಚಿಟಿಕೆ ಉಪ್ಪು ಸಾಕು. ಬೆರಳಿನಿಂದ ಸವರಿ, ಚೆನ್ನಾಗಿ ತೊಳೆದು, ತೂತಿನೊಳಗಿನ ನೀರು ಹೋಗುವಂತೆ ಒಣಗಿಸಿ. ಬೆಳ್ಳಿಯ ಹಾಳೆ ಹಚ್ಚಿದ ಅಥವಾ ಮುತ್ತಿನ ಬಣ್ಣ ಬಳಿದ ಮಣಿಗೆ ಹುಳಿ ತಾಗಿಸಬೇಡಿ.

ಹಳೆಯ ಒಡವೆಯ ಕಪ್ಪು ಬೇಕೆಂದರೆ ಬೇಯಿಸಿದ ಕೋಳಿಮೊಟ್ಟೆ ಒಂದು. ಬಿಸಿ ಇರುವಾಗಲೇ ತುಂಡು ಮಾಡಿ ಮುಚ್ಚಳದ ಡಬ್ಬಿಗೆ ಹಾಕಿ, ಮೊಟ್ಟೆಗೆ ತಾಗದಂತೆ ಒಡವೆಯನ್ನು ಒಂದು ಬಟ್ಟಲಿನಲ್ಲಿ ಒಳಗಿಟ್ಟು ಮುಚ್ಚಿ. ಮೊಟ್ಟೆಯಿಂದ ಬರುವ ಗಂಧಕದ ಗಾಳಿ ಕೆಲವು ಗಂಟೆಗಳಲ್ಲಿ ತಾಮ್ರವನ್ನೂ ಬೆಳ್ಳಿಯನ್ನೂ ಕಂದುಗಪ್ಪು ಮಾಡುತ್ತದೆ. ಆಮೇಲೆ ನಯವಾದ ಸ್ಟೀಲ್ ನಾರಿನಿಂದ ಉಬ್ಬಿದ ಕಡೆ ಮಾತ್ರ ತಿಕ್ಕಿದರೆ ಸುತ್ತುಗಳ ಸಂದಿಯಲ್ಲಿ ಕಪ್ಪು ಉಳಿದು ಕೆಲಸ ಎದ್ದು ಕಾಣುತ್ತದೆ. ಎನಾಮಲ್ ತಂತಿಗೆ ಇದು ಹತ್ತುವುದಿಲ್ಲ. ಮೊಟ್ಟೆ ಒಳಗೆ ತರದ ಮನೆಯವರು ಸುಮ್ಮನೆ ಕಾಯಬೇಕು, ಮಳೆಗಾಲದಲ್ಲಿ ಬೇಗ ಆಗುತ್ತದೆ.

ಮಣಿ ಏರಿಸಿದ ಮೇಲೆ ತಂತಿಯನ್ನು ಯಾವ ಕಾರಣಕ್ಕೂ ಬೆಂಕಿಗೆ ಹಿಡಿಯಬೇಡಿ, ಗಾಜು ಒಮ್ಮೆಲೇ ಬಿಸಿಯಾದರೆ ಸಿಡಿಯುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಈ ಒಡವೆ ಬೇಡ. ಮಣಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಲ್ಲದೆ, ಕೆಲವು ಬಣ್ಣದ ಗಾಜಿನಲ್ಲಿ ಸೀಸವೂ ಇರುವುದುಂಟು.

ಯಾರಿಗಾದರೂ ಕೊಡುವ ಮೊದಲು ಲೋಲಾಕನ್ನು ಕೊಕ್ಕೆಗೆ ನೇತುಹಾಕಿ, ಕೆಳಗಿನ ಚಕ್ಕುಲಿಯ ಮೇಲೆ ದಾರ ಕಟ್ಟಿ ಕಾಲು ಕಿಲೋ ಸಕ್ಕರೆ ಪೊಟ್ಟಣ ತೂಗುಬಿಡಿ. ಸುತ್ತಿದ ಕುಣಿಕೆ ಅಲುಗುವುದಿಲ್ಲ. ಬಿಚ್ಚಿದರೆ ಬಿಚ್ಚುವುದು ಬೆಳ್ಳಿ ಕೊಕ್ಕೆಯ ಸಾದಾ ಕುಣಿಕೆ, ಅದನ್ನು ಇನ್ನಷ್ಟು ತಟ್ಟಿ ಗಟ್ಟಿ ಮಾಡಿ. ಕೆಟ್ಟುಹೋದ ಒಡವೆಯನ್ನು ಬಿಡಿಸುವಾಗ ಸುತ್ತನ್ನು ಬಿಚ್ಚಲು ಹೋಗಬೇಡಿ. ಕುಣಿಕೆಯನ್ನೇ ಕತ್ತರಿಸಿ ಮಣಿ ಉಳಿಸಿಕೊಳ್ಳಿ. ತುಂಡುಗಳಿಗೆ ಎರಡು ಡಬ್ಬಿ ಇರಲಿ, ಬೆಳ್ಳಿಯದು ತೂಕಕ್ಕೆ ಬೆಳ್ಳಿ ಅಂಗಡಿಗೆ ಹೋಗುತ್ತದೆ, ತಾಮ್ರದ್ದು ಗುಜರಿಗೆ.